ಕಾಲುವೆಯ ಆಚೆ

ಬೀರದೇವನಿಗೆ ಕಾಲುವೆಯ ಆಚೆ ಅಧಿಕಾರವಿರಲಿಲ್ಲ. ಇದು ಅವನಿಗೆ ಗೊತ್ತಿತ್ತು, ಅವನ ಕೈಕೆಳಗಿನ ಪೇದೆಗಳಿಗೆ ಗೊತ್ತಿತ್ತು, ಕಬ್ಬಿನ ಟ್ರ್ಯಾಕ್ಟರ್ ಓಡಿಸುವ ಹುಡುಗರಿಗಂತೂ ಅವನಿಗಿಂತ ಚೆನ್ನಾಗಿ ಗೊತ್ತಿತ್ತು. ಸೇತುವೆಯ ಈ ತುದಿಗೆ ಅವನ ಠಾಣೆಯ ಸರಹದ್ದು ಮುಗಿಯಿತೆಂದು ಹೇಳುವ ಹಸಿರು ಫಲಕ, ಆ ತುದಿಗೆ ಇನ್ನೊಂದು ಠಾಣೆ ಸ್ವಾಗತ ಕೋರುವ ಫಲಕ. ಕಬ್ಬು ಈಚೆ ಬೆಳೆಯುತ್ತಿತ್ತು, ಫ್ಯಾಕ್ಟರಿ ಆಚೆ ಇತ್ತು. ಹಂಗಾಮು ಶುರುವಾದಾಗಿನಿಂದ ಹುಡುಗರು ಒಂದು ಪದ್ಧತಿ ಮಾಡಿಕೊಂಡಿದ್ದರು. ಪೊಲೀಸರು ಈಚೆ ಕೈ ಮಾಡಿದರೆ ನಿಲ್ಲಿಸುವವರ ಹಾಗೆ ವೇಗ ತಗ್ಗಿಸುವುದು, ಮುಖ ಕಾಣುವಷ್ಟು ಹತ್ತಿರ ಬಂದಾಗ ಗೇರು ಬದಲಿಸಿ ಸೇತುವೆ ಹತ್ತುವುದು, ಆಚೆ ಇಳಿದ ಕೂಡಲೇ ಹಾಡಿನ ಸದ್ದು ಏರಿಸುವುದು. ಈಚೆಗಿದ್ದಾಗ ಸಣ್ಣಗೆ ಹಾಡುತ್ತಿದ್ದ ಡಬ್ಬಿ ಆಚೆ ಹೋದೊಡನೆ ಒದರುತ್ತಿತ್ತು. ಅವರು ಬಯ್ಯುತ್ತಿರಲಿಲ್ಲ, ಕೈ ತೋರಿಸುತ್ತಿರಲಿಲ್ಲ, ತಿರುಗಿ ಕೂಡ ನೋಡುತ್ತಿರಲಿಲ್ಲ. ಆ ಸದ್ದು ಏರುವುದೇ ನಗೆ.

ಅವನು ಪಿಎಸ್ಐ ಆಗಿ ಈ ಠಾಣೆಗೆ ಬಂದು ಇನ್ನೂ ವರ್ಷ ತುಂಬಿರಲಿಲ್ಲ. ಆ ಸಂಜೆ ಪೇದೆಗಳಿಬ್ಬರನ್ನೂ ಬಂದೋಬಸ್ತಿಗೆ ಕಳಿಸಿ, ತನ್ನ ಬೈಕನ್ನು ಫಲಕದ ಕಂಬಕ್ಕೆ ಆನಿಸಿ ಒಬ್ಬನೇ ನಿಂತಿದ್ದ. ಬಿಸಿಲು ಓರೆಯಾಗಿ ಬಿದ್ದು ರಸ್ತೆಯ ಉದ್ದಕ್ಕೂ ಕಣ್ಣು ಕುಕ್ಕುತ್ತಿತ್ತು. ಟ್ರ್ಯಾಕ್ಟರ್ ಬಂತು. ಜೋಡು ಟ್ರೇಲರು, ಎರಡರಲ್ಲೂ ಕಬ್ಬು ಎರಡೂ ಮಗ್ಗುಲಿಗೆ ಚಾಚಿಕೊಂಡು ಅರ್ಧ ರಸ್ತೆಗಿಂತ ಹೆಚ್ಚು ಹಿಡಿದಿತ್ತು. ಅವನು ಕೈ ಅಡ್ಡ ಮಾಡಿದ. ಟ್ರ್ಯಾಕ್ಟರ್ ವೇಗ ತಗ್ಗಿಸಿತು. ಓಡಿಸುತ್ತಿದ್ದವನು ಕಪ್ಪು ಬನಿಯನ್ನಿನ ಹುಡುಗ, ಮೀಸೆ ಈಗಷ್ಟೇ ದಪ್ಪಗಾಗಿದ್ದು. ಹತ್ತಿರ ಬಂದ, ಮುಖ ನೋಡಿದ, ಗೇರು ಬದಲಿಸಿದ. ಮೊದಲ ಟ್ರೇಲರು ಬೀರದೇವನ ಅಂಗಿಯ ತೋಳಿಗೆ ಕಬ್ಬಿನ ಸೋಗೆ ತಾಗಿಸಿಕೊಂಡು ಹೋಯಿತು. ಎರಡನೆಯದರ ಹಿಂಬದಿಗೆ ರೇಡಿಯಂ ಪಟ್ಟಿ ಇರಲಿಲ್ಲ, ಕೆಂಪು ದೀಪವಿರಲಿಲ್ಲ, ಒಂದು ಕೆಂಪು ಬಟ್ಟೆ ಕೂಡ ಇರಲಿಲ್ಲ. ಇನ್ನು ಸ್ವಲ್ಪ ಹೊತ್ತಿಗೆ ಕತ್ತಲೆಯಾಗುತ್ತದೆ, ಹಿಂದಿನಿಂದ ಬರುವವನಿಗೆ ಇದು ಕಾಣುವುದಿಲ್ಲ ಎಂದು ಅವನು ಅಂದುಕೊಂಡ. ಹಾಗೆ ಅಂದುಕೊಂಡೇ ಬೈಕು ಚಾಲೂ ಮಾಡಿದೆ ಎಂದು ಆಮೇಲೆ ಎಷ್ಟೋ ಸಲ ತನಗೆ ತಾನೇ ಹೇಳಿಕೊಳ್ಳಲು ನೋಡಿದ. ಅದು ಸುಳ್ಳು. ಅವನು ಬೈಕು ಚಾಲೂ ಮಾಡಿದ್ದು ಆಚೆಯ ಫಲಕದ ಹತ್ತಿರ ಹಾಡು ಜೋರಾದಾಗ.

ತರಬೇತಿಯಲ್ಲಿ ಈ ಪ್ರಶ್ನೆಯೇ ಬಂದಿತ್ತು: ಸಮವಸ್ತ್ರದಲ್ಲಿರುವ ಅಧಿಕಾರಿ ತನ್ನ ಠಾಣೆಯ ಹೊರಗೆ ವಾಹನ ನಿಲ್ಲಿಸಬಹುದೇ? ನಿಲ್ಲಿಸಬಹುದು, ಸಂಚಾರದ ಕಾಯ್ದೆ ಠಾಣೆಯ ಗಡಿ ನೋಡುವುದಿಲ್ಲ, ಎಂದು ಬರೆದು ಅವನು ಶಹಬ್ಬಾಸ್ ಅನ್ನಿಸಿಕೊಂಡಿದ್ದ. ಓದಿದ್ದನ್ನು ನಂಬುವ ರೂಢಿ ಅವನಿಗೆ ಚಿಕ್ಕೋಡಿಯ ಹಾಸ್ಟೆಲ್ಲಿನಿಂದಲೂ ಇತ್ತು. ದೀಪಾವಳಿಗೆ ಸ್ವಲ್ಪ ಮೊದಲು ಇದೇ ರಸ್ತೆಯಲ್ಲಿ, ಸೇತುವೆ ದಾಟಿ ಒಂದು ಕೂಗಳತೆ ದೂರದಲ್ಲಿ, ಫೋನಿನಲ್ಲಿ ಮಾತಾಡುತ್ತ ಕಾರು ಓಡಿಸುತ್ತಿದ್ದವನನ್ನು ನಿಲ್ಲಿಸಿ ಯಂತ್ರದಿಂದ ದಂಡದ ರಸೀದಿ ಕಿತ್ತು ಕೊಟ್ಟಿದ್ದ. ಅವನು ವಿಶ್ವಾಸ ಎಂಬ ವಕೀಲ. ವಿಶ್ವಾಸ ಸಿಟ್ಟಾಗಲಿಲ್ಲ. ರಸೀದಿಯ ಮೇಲೆ ಅಚ್ಚಾಗಿದ್ದ ಠಾಣೆಯ ಹೆಸರನ್ನು ಗಟ್ಟಿಯಾಗಿ ಓದಿದ, ಬೀರದೇವನ ಹೆಗಲ ಮೇಲೆ ಕೈ ಹಾಕಿದ, ಮಗುವನ್ನು ಶಾಲೆಗೆ ಕರೆದೊಯ್ಯುವ ಹಾಗೆ ಸೇತುವೆ ದಾಟಿಸಿ ನಡೆಸಿಕೊಂಡು ಬಂದು ಹಸಿರು ಫಲಕ ತೋರಿಸಿ, ಏನು ಬರೆದಿದೆ ಓದಿ ಅಂದ. ಬೀರದೇವ ಓದಿದ. ಯಾಕೆ ಓದಿದೆನೋ ಅವನಿಗೆ ಇಂದಿಗೂ ತಿಳಿಯದು. ಕಾಯ್ದೆಯ ಮಾತು ನಾಲಿಗೆಯ ತುದಿಯಲ್ಲಿತ್ತು, ಆದರೆ ಹೆಗಲ ಮೇಲಿನ ಆ ಕೈಯ ಭಾರಕ್ಕೆ ಅದು ಬರಲಿಲ್ಲ. ಯಾರೋ ತೆಗೆದ ವಿಡಿಯೋ ಮರುದಿನ ಅಥಣಿಯಿಂದ ನಿಪ್ಪಾಣಿಯವರೆಗೆ ಎಲ್ಲ ಗುಂಪುಗಳಲ್ಲಿ ಮರಾಠಿ ಹಾಡಿನ ಜೊತೆಗೆ ಓಡಾಡಿತು. ಮೇಲಿನವರು ರಸೀದಿ ರದ್ದು ಮಾಡಿಸಿದರು. ಕಾಯ್ದೆ ಅವನ ಕಡೆ ಇತ್ತೆಂದು ಅವರೂ ಒಪ್ಪಿದರು. ಆದರೆ ವಕೀಲರ ಕೂಡ ತಂಟೆ ಯಾಕೆ, ನಿನ್ನ ಹದ್ದಿನಲ್ಲೇ ಮಾಡಲು ಕೆಲಸ ಕಡಿಮೆಯೇ, ಅಂದರು. ಮುಂದಿನ ವಾರ ಚಿಕ್ಕೋಡಿಯ ಕೋರ್ಟಿಗೆ ಸಾಕ್ಷಿ ಹೇಳಲು ಹೋದಾಗ ಕ್ಯಾಂಟೀನಿನಲ್ಲಿ ವಿಶ್ವಾಸ ಎದುರಾದ, ತಾನೇ ಕುರ್ಚಿ ಎಳೆದು ಕೊಟ್ಟ.

"ಕೂಡ್ರಿ ಸಾಹೇಬ್ರ. ಇದೂ ನಿಮ್ಮ ಹದ್ದ ಅಲ್ಲ, ಆದ್ರ ಚಾ ಕುಡ್ಯಾಕ ಅಡ್ಡಿ ಇಲ್ಲ."

ಅಲ್ಲಿದ್ದ ಕರಿ ಕೋಟಿನವರೆಲ್ಲ ನಕ್ಕರು. ಬೀರದೇವನೂ ನಕ್ಕ. ಚಹಾ ಕುಡಿದ. ಅದು ತೀರ ಸಿಹಿಯಾಗಿತ್ತು. ಅವತ್ತಿನಿಂದ ಅವನಿಗೆ ಸರಹದ್ದು ಹಲ್ಲುನೋವಿನ ಹಾಗಾಯಿತು, ನಾಲಿಗೆ ಮತ್ತೆ ಮತ್ತೆ ಅಲ್ಲಿಗೇ ಹೋಗುತ್ತಿತ್ತು. ಹೊಲಕ್ಕೆ ಹೋದರೆ ಬದು ನೋಡುತ್ತಿದ್ದ, ಬಸ್ಸಿನಲ್ಲಿ ಕೂತರೆ ಯಾವ ಮರದ ಹತ್ತಿರ ಯಾವ ಠಾಣೆ ಮುಗಿಯುತ್ತದೆಂದು ಮನಸ್ಸಿನಲ್ಲೇ ಎಣಿಸುತ್ತಿದ್ದ. ಠಾಣೆಯಲ್ಲಿ ತನಗೆ ಕ್ಯಾನಲ್ ಸಾಹೇಬ ಎಂದು ಹೆಸರಿಟ್ಟಿದ್ದಾರೆಂದು ಗೊತ್ತಿತ್ತು. ಬೇಕಂತಲೇ ಕೇಳಿಸದ ಹಾಗೆ ಇರುತ್ತಿದ್ದ.

ಆ ಸಂಜೆ ಟ್ರ್ಯಾಕ್ಟರನ್ನು ಅವನು ಸೇತುವೆಯಿಂದ ಸ್ವಲ್ಪ ಮುಂದೆ, ರಸ್ತೆಯಿಂದ ಹೊಲಕ್ಕೆ ಇಳಿಯುವ ದಾರಿಯ ಹತ್ತಿರ ಅಡ್ಡಗಟ್ಟಿದ. ಹುಡುಗ ನಿಲ್ಲಿಸಿದ. ಕೆಳಗಿಳಿಯಲಿಲ್ಲ. ಬೀರದೇವ ಕೈಚಾಚಿ ಚಾವಿ ಕಿತ್ತುಕೊಂಡ, ಎಂಜಿನ್ನು ನಿಂತಿತು, ಹಾಡು ನಿಲ್ಲಲಿಲ್ಲ. ಅದಕ್ಕೆ ಬೇರೆ ಬ್ಯಾಟರಿ ಇತ್ತು. ಹೆಸರು ಕೇಳಿದ. ಲಖನ ಅಂದ. ಲೈಸನ್ಸ್ ಕೇಳಿದ. ಮನೆಯಲ್ಲಿದೆ ಅಂದ. ರೇಡಿಯಂ ಎಲ್ಲಿ ಎಂದು ಕೇಳಿದ. ಅದಕ್ಕೆ ಲಖನ ಸೀಟಿನ ಮೇಲೆ ಪೂರ್ತಿ ತಿರುಗಿ ಸೇತುವೆಯ ಕಡೆ ನೋಡಿ, ಆಮೇಲೆ ಬೀರದೇವನ ಕಡೆ ನೋಡಿ, ಯಾರೋ ದಾರಿ ತಪ್ಪಿದವರಿಗೆ ಹೇಳುವಂತೆ ಮೆಲ್ಲಗೆ ಹೇಳಿದ.

"ಹದ್ದ ಸಂಪಲೀರಿ, ಸಾಹೇಬ್ರ."

ಅರ್ಧ ಮರಾಠಿಯ ಆ ಮಾತು ಬೀರದೇವನ ಊರಿನದೇ. ಭೋಜದ ಕಡೆ ಹುಡುಗರು ಕ್ರಿಕೆಟ್ ಆಡುವಾಗ ಚೆಂಡು ಗೆರೆ ದಾಟಿದರೆ ಹೀಗೇ ಕೂಗುತ್ತಿದ್ದರು, ಹದ್ದು ಮುಗಿಯಿತು ಎಂದು. ಗೆರೆ ಎಳೆಯುವವನು ಯಾವಾಗಲೂ ಬ್ಯಾಟು ಇದ್ದವನು. ಬೀರದೇವ ಕಾಯ್ದೆ ಹೇಳಬಹುದಿತ್ತು. ಯಂತ್ರ ಅವನ ಜೇಬಿನಲ್ಲೇ ಇತ್ತು, ರಸೀದಿ ಕಿತ್ತು ಕೊಡಬಹುದಿತ್ತು, ಕೊಟ್ಟು ಹೋಗಬಹುದಿತ್ತು. ಆದರೆ ರಸೀದಿಯ ಮೇಲೆ ತನ್ನ ಠಾಣೆಯ ಹೆಸರು ಬರುತ್ತದೆ, ಈ ಹುಡುಗ ಅದನ್ನು ಗಟ್ಟಿಯಾಗಿ ಓದುತ್ತಾನೆ ಎಂದು ಅವನಿಗೆ ಕಣ್ಣಿಗೆ ಕಟ್ಟಿದ ಹಾಗೆ ಕಂಡಿತು.

"ಇಲ್ಲಿ ನೀವೂ ಪಬ್ಲಿಕ್ಕ, ನಾನೂ ಪಬ್ಲಿಕ್ಕ," ಅಂದ ಲಖನ. "ಚಾವಿ ಕೊಡ್ರಿ. ಫ್ಯಾಕ್ಟರ್‍ಯಾಗ ಪಾಳಿ ತಪ್ಪತೈತಿ."

"ತಿರುಗಸ," ಅಂದ ಬೀರದೇವ.

"ಎತ್ತಾಗ್ರಿ?"

"ಸೇತುವಿ ಆ ಕಡೆ. ನನ್ನ ಹದ್ದಿನಾಗ ಒಯ್ದ ನಿಲ್ಲಸ. ಅಲ್ಲಿ ರಸೀದಿ ಹರಿತೀನಿ."

ಹೇಳಿದ ಕೂಡಲೇ ಅವನಿಗೆ ಸಮಾಧಾನವಾಯಿತು. ಇದಕ್ಕೆ ಯಾವ ವಕೀಲನೂ ಏನೂ ಅನ್ನುವಂತಿರಲಿಲ್ಲ. ಇಷ್ಟು ಸರಳವಾದದ್ದು ಯಾಕೆ ಮೊದಲೇ ಹೊಳೆಯಲಿಲ್ಲ ಅನ್ನಿಸಿತು. ಲಖನ ನಗಲು ಶುರು ಮಾಡಿ ಅರ್ಧಕ್ಕೆ ಬಿಟ್ಟ. ಜೋಡು ಟ್ರೇಲರು ಇದೆ, ಭರ್ತಿ ಇದೆ, ರಸ್ತೆ ಸಣ್ಣದು ಅಂದ. ತಿರುಗಿಸಲು ಬರುವುದಿಲ್ಲವೇ ಎಂದು ಬೀರದೇವ ಕೇಳಿದ. ಕೇಳುವಾಗ ವಿಶ್ವಾಸನ ದನಿ ತನ್ನ ಬಾಯಿಂದ ಬಂತೆಂದು ಅವನಿಗೇ ಗೊತ್ತಾಯಿತು, ಅದೇ ಮೆತ್ತಗಿನ, ಕೈ ಹೆಗಲ ಮೇಲಿಟ್ಟ ದನಿ. ಹುಡುಗನ ಮುಖ ಕೆಂಪಾಯಿತು.

"ಬರಂಗಿಲ್ಲ ಅಂತ ಯಾರ ಅಂದ್ರ? ನೀವು ರೋಡ್ ಹಿಡೀರಿ. ನಾ ತಿರುಗಸ್ತೀನಿ, ನೋಡ್ರಿ."

ಚಾವಿ ಕೊಟ್ಟ. ಹುಡುಗ ನಿಜವಾಗಿ ಚೆನ್ನಾಗಿ ಓಡಿಸುತ್ತಿದ್ದ. ಎಂಜಿನ್ನನ್ನು ಹೊಲದ ದಾರಿಗೆ ಇಳಿಸಿ, ಅಲ್ಲಿ ದೊಡ್ಡ ಸುತ್ತು ಹೊಡೆಸಿ, ಮೂತಿಯನ್ನು ಸೇತುವೆಯ ಕಡೆ ತಿರುಗಿಸಿ ಮತ್ತೆ ರಸ್ತೆಗೆ ಹತ್ತಿಸತೊಡಗಿದ. ಮುಂದಿನ ಟ್ರೇಲರು ಅದರ ಹಿಂದೆ ಮಣಿಯಿತು. ಹಿಂದಿನ ಟ್ರೇಲರು ಇನ್ನೂ ರಸ್ತೆಯ ಮೇಲೇ ಇತ್ತು, ಈ ಅಂಚಿನಿಂದ ಆ ಅಂಚಿನವರೆಗೆ ಅಡ್ಡ, ಕಬ್ಬಿನ ಒಂದು ಗೋಡೆ. ಬೀರದೇವ ಸೇತುವೆಯ ಕಡೆ ಬಂದು ರಸ್ತೆಯ ನಡುವೆ ನಿಂತ. ಬರುವ ವಾಹನ ತಡೆಯುವುದು ಅವನಿಗೆ ಗೊತ್ತಿದ್ದ ಕೆಲಸ. ಬೆನ್ನ ಹಿಂದೆ ಕಬ್ಬಿನ ಗೋಡೆ, ಅದರ ಮೇಲಂಚಿಗೆ ತಾಗಿದ ಹಾಗೆ ಸೂರ್ಯ. ತನ್ನ ನೆರಳು ಸೇತುವೆಯವರೆಗೂ ಉದ್ದಕ್ಕೆ ಬಿದ್ದದ್ದನ್ನು ಅವನು ನೋಡಿದ. ನೆರಳಿನ ತಲೆ ಫಲಕದ ಆಚೆ, ತನ್ನ ಸರಹದ್ದಿನಲ್ಲಿತ್ತು. ಇದನ್ನು ಗಮನಿಸಿ ಅವನಿಗೆ ನಗು ಬಂತು. ಆಗ ಅವನು ನಗುತ್ತಿದ್ದ ಎಂಬುದು ಮುಂದೆ ಯಾರಿಗೂ ಹೇಳಲಾಗದ ಸಂಗತಿ.

ಬೈಕು ಸೇತುವೆ ಇಳಿದು ಬಂತು. ಓಡಿಸುವ ತರುಣ, ಹಿಂದೆ ಒಂದು ಕಡೆ ಕಾಲು ಹಾಕಿ ಕೂತ ಹೆಂಗಸು, ಬಿಳಿ ಸೀರೆಯ ಸೆರಗು ಹಾರುತ್ತಿತ್ತು. ಇಬ್ಬರ ತಲೆಯ ಮೇಲೂ ಏನೂ ಇರಲಿಲ್ಲ. ಬೀರದೇವ ಕೈ ಎತ್ತಿದ, ಪೂರ್ತಿ, ಅಂಗೈ ಮುಂದೆ ಮಾಡಿ, ಕಲಿಸಿದ ಹಾಗೆ. ತರುಣ ಅವನನ್ನು ನೋಡಿದ. ನೋಡಿದ್ದು ಖಚಿತ, ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಅವನನ್ನೇ ನೋಡಿದ, ಅವನನ್ನಷ್ಟೇ ನೋಡಿದ. ಆಮೇಲೆ ಬೈಕಿನ ಸದ್ದು ಏರಿತು. ಬಲಕ್ಕೆ ಬಾಗಿ ಬೀರದೇವನ ಮಗ್ಗುಲಿನಿಂದ ಗಾಳಿಯ ಹಾಗೆ ದಾಟಿತು. ಬೆವರು, ಎಣ್ಣೆ, ಯಾವುದೋ ಹೂವಿನ ವಾಸನೆ. ಬೀರದೇವನ ಕೈ ಇನ್ನೂ ಮೇಲೇ ಇತ್ತು. ಹಿಂದೆ ಆದ ಸದ್ದು ಅಷ್ಟು ದೊಡ್ಡದಾಗಿರಲಿಲ್ಲ. ಕಬ್ಬು ಮುರಿದ ಸದ್ದು.

ಅವನು ತಿರುಗಲು ಎಷ್ಟು ಹೊತ್ತು ತೆಗೆದುಕೊಂಡ? ಎದುರಿಗೆ ಖಾಲಿ ಸೇತುವೆ ಇತ್ತು, ಕಂಬಕ್ಕೆ ಒಂದು ಕಾಗೆ ಬಂದು ಕೂತಿತು. ಕೈ ಇಳಿಸಬೇಕು ಅನ್ನಿಸಿತು, ಇಳಿಸಿದರೆ ಆದದ್ದು ಆಗಿಬಿಡುತ್ತದೆ ಅನ್ನಿಸಿತು. ಹಾಡು ನಡೆದೇ ಇತ್ತು. ಮದುವೆಯಲ್ಲಿ ಮದುಮಗನ ಗೆಳೆಯರು ಕುಣಿಯುವಂಥ ಹಾಡು. ತಿರುಗಿದಾಗ ಮೊದಲು ಕಂಡದ್ದು ಹೆಂಗಸು. ಸಡಿಲಾಗಿ ಜಾರಿ ಬಿದ್ದ ಕಬ್ಬಿನ ರಾಶಿಯ ಮೇಲೆ, ಯಾರೋ ಕೂರಿಸಿದ ಹಾಗೆ ಕೂತಿದ್ದಳು. ಬೈಕು ಕಾಣಲಿಲ್ಲ. ಆಮೇಲೆ ಕಬ್ಬಿನ ಕೆಳಗಿನಿಂದ ಒಂದು ಗಾಲಿ ಕಂಡಿತು, ಇನ್ನೂ ತಿರುಗುತ್ತಿತ್ತು. ತರುಣ ಎರಡು ಟ್ರೇಲರುಗಳ ನಡುವಿನ ಕಬ್ಬಿಣದ ಕೊಂಡಿಯ ಕೆಳಗೆ ಬೋರಲು ಮಲಗಿದ್ದ. ಬೀರದೇವ ಮೊಣಕಾಲೂರಿ ಕುತ್ತಿಗೆಗೆ ಬೆರಳು ಹಚ್ಚಿದ. ಚರ್ಮ ಬೆಚ್ಚಗಿತ್ತು, ಅದರೊಳಗೆ ಏನೂ ಮಿಡಿಯುತ್ತಿರಲಿಲ್ಲ. ಬೆರಳು ಸರಿಯಾದ ಜಾಗದಲ್ಲಿ ಇಲ್ಲವೇನೋ ಎಂದು ಬೇರೆ ಕಡೆ ಹಚ್ಚಿದ. ಅಲ್ಲಿಯೂ ಇರಲಿಲ್ಲ. ಅವನಿಗೆ ಅಳು ಬರಲಿಲ್ಲ, ಹೆದರಿಕೆಯಾಗಲಿಲ್ಲ. ಈ ಹುಡುಗನಿಗೆ ನಾನು ನಿಲ್ಲು ಎಂದೆನಲ್ಲ, ನಿಲ್ಲು ಎಂದರೆ ಯಾಕೆ ನಿಲ್ಲಲಿಲ್ಲ ಎಂಬ ಒಂದೇ ಯೋಚನೆ ಇತ್ತು. ಆ ಯೋಚನೆಯಲ್ಲಿ ಇನ್ನೂ ಸಿಟ್ಟು ಇತ್ತು.

ಲಖನ ಇಳಿದು ಬಂದು ಪಕ್ಕದಲ್ಲಿ ನಿಂತಿದ್ದ.

"ನೀವ ಹೇಳಿದ್ರಿ, ಸಾಹೇಬ್ರ," ಅಂದ. "ತಿರುಗಸ ಅಂತ ನೀವ ಹೇಳಿದ್ರಿ."

ಬೀರದೇವ ಅವನ ಮುಖ ನೋಡಿದ. ದೂರದ ವಸ್ತಿಯ ಮನೆಗಳಿಂದ ಯಾರೋ ಓಡಿ ಬರುವುದು ಕಾಣುತ್ತಿತ್ತು. ಇಂಥ ಹೊತ್ತಿಗೆ ಮಂದಿ ಚಾಲಕನನ್ನು ಏನು ಮಾಡುತ್ತಾರೆಂದು ಇಬ್ಬರಿಗೂ ಗೊತ್ತಿತ್ತು.

"ಹೋಗ," ಅಂದ ಬೀರದೇವ. "ಮಂದಿ ಬರೂದ್ರೊಳಗ ಹೋಗ."

ಹುಡುಗ ಕಬ್ಬಿನ ಹೊಲಕ್ಕೆ ನುಗ್ಗಿ ಹೋದ. ಸೋಗೆ ಸ್ವಲ್ಪ ಹೊತ್ತು ಅಲ್ಲಾಡಿ ಸುಮ್ಮನಾಯಿತು. ಆಗ ಬೀರದೇವನಿಗೆ ಹೊಳೆಯಿತು: ತಾನು ಹುಡುಗನನ್ನು ಉಳಿಸಿದೆನೋ, ಅಥವಾ ನೀವ ಹೇಳಿದ್ರಿ ಎನ್ನುವ ಬಾಯಿಯನ್ನು ಕಳಿಸಿಬಿಟ್ಟೆನೋ. ಹೋಗ ಅಂದಾಗ ಇವೆರಡರಲ್ಲಿ ಯಾವುದು ಮನಸ್ಸಿನಲ್ಲಿತ್ತೆಂದು ಹುಡುಕಿದ. ಎರಡೂ ಇರಲಿಲ್ಲ. ಬಾಯಿ ತಾನೇ ಆಡಿತ್ತು. ತಿರುಗಸ ಅಂದಾಗಲೂ ಹಾಗೇ ಆಡಿತ್ತು.

ಮಂದಿ ಬಂದರು. ಟ್ರೇಲರಿನ ಕೊಂಡಿ ಬಿಚ್ಚಿದರು, ತರುಣನನ್ನು ಎಳೆದು ಬದಿಗೆ ಮಲಗಿಸಿ ಒಬ್ಬ ತನ್ನ ರುಮಾಲು ಬಿಚ್ಚಿ ಮುಖಕ್ಕೆ ಹೊದಿಸಿದ, ಇನ್ನೊಬ್ಬ ಆಂಬುಲೆನ್ಸಿಗೆ ಫೋನು ಮಾಡಿದ. ಗುರುತು ಹಿಡಿದವರೂ ಇದ್ದರು. ವೃಷಭ ಎಂದು ಹೆಸರು, ಮುಂದಿನ ಊರಿನವನು, ಹಿಂದೆ ಕೂತವಳು ಅವನ ತಾಯಿ ರಾಜಮತಿ. ಐನಾಪುರದಲ್ಲಿ ಮಗಳ ಮನೆಗೆ ಹೋಗಿ ಬರುತ್ತಿದ್ದರಂತೆ. ಯಾರೂ ಬೀರದೇವನನ್ನು ಏನೂ ಕೇಳಲಿಲ್ಲ. ಖಾಕಿ ಕಂಡು ಅವರೇ ತಿಳಿದುಕೊಂಡರು. ಬೇರೆ ಕಡೆ ಹೆಣ ತಣ್ಣಗಾದ ಮೇಲೆ ಪೊಲೀಸರು ಬರುತ್ತಾರೆ, ಇವರು ನೋಡಿ ಆಗಲೇ ಬಂದು ನಿಂತಿದ್ದಾರೆ ಎಂದು ಒಬ್ಬ ಇನ್ನೊಬ್ಬನಿಗೆ ಹೇಳುವುದು ಕೇಳಿಸಿತು. ವಯಸ್ಸಾದ ಒಬ್ಬ ಅವನ ಬಳಿಗೇ ಬಂದು ಕೈಮುಗಿದ.

"ಭಾಳ ಲಗೂನ ಬಂದ್ರಿ, ಸಾಹೇಬ್ರ. ನಿಮ್ಮಂಥಾವ್ರು ಇರಬೇಕ ನೋಡ್ರಿ."

ಬೀರದೇವ ತಲೆ ಅಲ್ಲಾಡಿಸಿದ. ಅಲ್ಲ ಎಂದು ಅಲ್ಲಾಡಿಸಿದ್ದು. ಮುದುಕ ಅದನ್ನು ವಿನಯವೆಂದು ತಿಳಿದ. ಯಾರೋ ಹಾಡಿನ ಡಬ್ಬಿಯ ತಂತಿ ಕಿತ್ತರು, ಒಮ್ಮೆಲೇ ಎಷ್ಟು ಮೌನವಾಯಿತೆಂದರೆ ಕಾಲುವೆಯ ನೀರು ಹರಿಯುವುದು ಕೇಳಿಸಿತು.

ರಾಜಮತಿ ಕಬ್ಬಿನ ಮೇಲಿಂದ ಏಳಲಿಲ್ಲ. ಮೈಮೇಲೆ ತರಚಿದ ಗಾಯ ಬಿಟ್ಟರೆ ಏನೂ ಆಗಿರಲಿಲ್ಲ. ಮಗ ಮಲಗಿದ್ದ ಕಡೆ ಅವಳು ನೋಡುತ್ತಿರಲಿಲ್ಲ, ನೋಡಬಾರದೆಂದು ನಿರ್ಧಾರ ಮಾಡಿದವಳ ಹಾಗೆ ಎದುರಿನ ಹೊಲವನ್ನು ನೋಡುತ್ತಿದ್ದಳು. ತುಟಿ ಒಣಗಿ ಬಿಳಿಚಿಕೊಂಡಿತ್ತು. ವಸ್ತಿಯ ಹೆಂಗಸು ತಂಬಿಗೆಯಲ್ಲಿ ನೀರು ತಂದು ಮುಂದೆ ಹಿಡಿದಳು. ರಾಜಮತಿ ಬಾಯಿ ಮುಚ್ಚಿಕೊಂಡು ಮುಖ ತಿರುಗಿಸಿದಳು. ಬೀರದೇವ ತಂಬಿಗೆ ಇಸಿದುಕೊಂಡು ಅವಳ ಮುಂದೆ ಕುಕ್ಕರಗಾಲಲ್ಲಿ ಕೂತ.

"ಹೊತ್ತ ಮುಳಗೇತೇನ್ರಿ?" ಅಂದಳು.

ಅವನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ತಿಳಿಯಿತು. ಹಾಸ್ಟೆಲ್ಲಿನಲ್ಲಿ ಅವನ ಕೋಣೆಯಲ್ಲಿ ಜೈನರ ಹುಡುಗನೊಬ್ಬನಿದ್ದ, ಸಂಜೆ ಆಟ ಅರ್ಧಕ್ಕೆ ಬಿಟ್ಟು ಓಡಿ ಹೋಗಿ ಡಬ್ಬಿ ಬಿಚ್ಚಿ ಉಣ್ಣುತ್ತಿದ್ದ, ಹೊತ್ತು ಮುಳುಗಿದ ಮೇಲೆ ಅವನ ಮನೆಯಲ್ಲಿ ಯಾರೂ ಉಣ್ಣುತ್ತಿರಲಿಲ್ಲ. ವಯಸ್ಸಾದವರಿಗೆ ನೀರೂ ಇಲ್ಲ. ಹಾಗಾದರೆ ಇವರು ಅದಕ್ಕೇ ಓಡುತ್ತಿದ್ದರು. ಅವ್ವ ಉಣ್ಣಬೇಕು, ಹೊತ್ತು ಮುಳುಗುವುದರೊಳಗೆ ಮನೆ ಮುಟ್ಟಬೇಕು. ಅವನು ಪಶ್ಚಿಮಕ್ಕೆ ನೋಡಿದ. ಅಲ್ಲಿ ಸೂರ್ಯ ಇರಲಿಲ್ಲ. ಆಕಾಶದ ಅಂಚಿಗೆ ಕೆಂಪು ಉಳಿದಿತ್ತು, ಅಷ್ಟೆ.

"ಇನ್ನೂ ಮುಳಗಿಲ್ಲರಿ, ಅವ್ವಾ. ಕುಡೀರಿ."

ಅವಳು ಅವನ ಮುಖ ನೋಡಿದಳು. ಖಾಕಿ ನೋಡಿದಳು. ಸರಕಾರದವನು ಹೇಳಿದ್ದಾನೆ ಎಂಬಂತೆ ತಂಬಿಗೆ ತೆಗೆದುಕೊಂಡು ಗಟಗಟ ಕುಡಿದಳು, ಸೆರಗಿನ ಮೇಲೆ ಚೆಲ್ಲಿಕೊಂಡಳು, ಕುಡಿದು ತಂಬಿಗೆಯನ್ನು ಮಡಿಲಲ್ಲಿಟ್ಟುಕೊಂಡಳು. ಆಮೇಲೆ ಯಾರೂ ಕೇಳದೆ ಮಾತಾಡಿದಳು. ದನಿಯಲ್ಲಿ ಏರಿಳಿತವಿರಲಿಲ್ಲ.

"ಮೆಲ್ಲಕ ಹೊಡಿತಿದ್ದ ನನ್ನ ಮಗ. ಒಂದ ದಿನಾ ಜೋರ ಹೊಡದಾವಲ್ಲ. ಪೊಲೀಸ್ರು ನಿಂತಾರ, ಅವ್ವಾ, ಹೆಲ್ಮೆಟ್ ಇಲ್ಲ, ಗಟ್ಟಿ ಹಿಡಕೋ ಅಂದ. ನಾ ಹಿಡಕೊಂಡೆ."

ಬೀರದೇವನ ಕೈ ನೆಲಕ್ಕೆ ಊರಿತು. ಮುರಿದ ಕಬ್ಬಿನ ರಸ ಅಂಗೈಗೆ ಅಂಟಿತು. ವೃಷಭ ಫಲಕ ನೋಡಿರಲಿಲ್ಲ. ಕಾಲುವೆಯ ಆಚೆಯೋ ಈಚೆಯೋ, ಯಾವ ಠಾಣೆಯವನು, ಇವನಿಗೆ ಇಲ್ಲಿ ಕೈ ಮಾಡಲು ಬರುತ್ತದೆಯೋ ಇಲ್ಲವೋ ಎಂದು ಕೇಳಿರಲಿಲ್ಲ. ಈ ಸೀಮೆಯಲ್ಲಿ ಬೀರದೇವನನ್ನು ಅಳೆಯದೆ ಪೂರ್ತಿ ಪೊಲೀಸನೆಂದು ಒಪ್ಪಿಕೊಂಡವನು ಅವನೊಬ್ಬನೇ. ಒಪ್ಪಿಕೊಂಡು, ಹೆದರಿ, ಬಲಕ್ಕೆ ಬಾಗಿದ್ದ. ದೀಪಾವಳಿಯಿಂದ ತಾನು ಒಳಗೊಳಗೇ ಬೇಡುತ್ತಿದ್ದದ್ದು ಇದನ್ನೇ ಅಲ್ಲವೇ ಎಂಬ ಮಾತು ಮನಸ್ಸಿಗೆ ಬಂದು, ಅದನ್ನು ಆಡಿಕೊಂಡ ಮನಸ್ಸಿನ ಬಗ್ಗೆ ಅವನಿಗೆ ಹೇಸಿಗೆಯಾಯಿತು. ಎದ್ದು ರಸ್ತೆಯ ಬದಿಗೆ ಹೋಗಿ ವಾಂತಿ ಮಾಡಿದ. ಸಾಹೇಬರು ಚಿಕ್ಕವರು, ನೋಡಿ ರೂಢಿಯಿಲ್ಲ ಎಂದು ಮುದುಕ ಹೇಳಿದ್ದು ಕೇಳಿಸಿತು.

ಆಚೆಯ ಠಾಣೆಯ ಜೀಪು ಬಂತು. ಇಳಿದವನು ಎಎಸ್ಐ ಹಾಲಸಿದ್ದ, ನಿವೃತ್ತಿಗೆ ಹತ್ತಿರವಾದ, ಹೊಟ್ಟೆ ಬಂದ, ಎಲೆಯಡಿಕೆ ಹಾಕಿದ ಮನುಷ್ಯ. ದರ್ಜೆಯಲ್ಲಿ ಬೀರದೇವನಿಗಿಂತ ಕೆಳಗೆ, ಸಲ್ಯೂಟು ಹೊಡೆದ. ಹೆಣ ನೋಡಿದ, ಹೆಂಗಸನ್ನು ನೋಡಿದ, ಪೇದೆಯಿಂದ ಟೇಪು ಹಿಡಿಸಿ ಆಚೆಯ ಫಲಕದಿಂದ ಟ್ರೇಲರಿನವರೆಗೆ ಅಳೆಸಿದ. ತನ್ನದೇ ಹದ್ದು, ತಕರಾರಿಲ್ಲ ಅಂದ. ಆಮೇಲೆ ಸೊಂಟದ ಮೇಲೆ ಕೈಯಿಟ್ಟು ಟ್ರ್ಯಾಕ್ಟರಿನ ಮೂತಿಯನ್ನು ಬಹಳ ಹೊತ್ತು ನೋಡಿದ. ಬೀರದೇವನನ್ನು ಜೀಪಿನ ಮರೆಗೆ ಕರೆದ.

"ಕಬ್ಬ ತುಂಬಿದ ಗಾಡಿ ಫ್ಯಾಕ್ಟರಿಗೆ ಬೆನ್ನ ಮಾಡಿ ಯಾಕ ನಿಂತೈತ್ರಿ, ಸಾಹೇಬ್ರ?"

ಹಾಲಸಿದ್ದ ಎಲೆಯಡಿಕೆ ಉಗುಳಿ ಬಾಯಿ ಒರೆಸಿಕೊಂಡ. ಅವನಿಗೆ ಉತ್ತರ ಬೇಕಿರಲಿಲ್ಲ. ವಿಡಿಯೋ ಅವನೂ ನೋಡಿದ್ದ. ಮಗನಿಗೆ ಹೇಳುವಂತೆ, ಕಾಳಜಿಯಿಂದಲೇ, ಒಂದೊಂದೇ ಮಾತು ಬಿಡಿಸಿ ಹೇಳಿದ.

"ಕೇಳ್ರಿ. ನಿಮಗಿಲ್ಲಿ ಅಧಿಕಾರ ಇಲ್ಲ. ಅಧಿಕಾರ ಇಲ್ಲದಾವ ಗಾಡಿ ನಿಲ್ಲಸಂಗಿಲ್ಲ. ನಿಲ್ಲಸಲಾರದಾವ ತಿರುಗಸಂಗಿಲ್ಲ. ಸದ್ದ ಕೇಳಿ ಓಡಿ ಬಂದ್ರಿ, ಹೆಂಗಸಿಗಿ ನೀರ ಕೊಟ್ರಿ. ಅಷ್ಟ ಆಗಿದ್ದು. ಡ್ರೈವರ ಓಡಿ ಹೋಗ್ಯಾನ, ತಪ್ಪ ಅವಂದ. ನಾ ಬರಕೋತೀನಿ."

ಅದರಲ್ಲಿ ಎಲ್ಲಿಯೂ ತೂತು ಇರಲಿಲ್ಲ. ಇಷ್ಟು ದಿನ ಅವನನ್ನು ನಗೆಗೀಡು ಮಾಡಿದ್ದ ಗೆರೆ ಈಗ ಅವನ ಸುತ್ತ ಬಂದು ಬೇಲಿಯಾಗಿ ನಿಂತಿತ್ತು. ಇಲ್ಲಿ ಅವನು ಪಬ್ಲಿಕ್ಕು. ಯಾವನೋ ಒಬ್ಬ ದಾರಿಹೋಕ. ಅವನು ಬೇಡ ಅನ್ನಬೇಕೆಂದುಕೊಂಡ. ಅನ್ನಲು ಎರಡೇ ಮಾತು ಸಾಕಿತ್ತು. ಆದರೆ ಆ ಎರಡು ಮಾತಿನ ಹಿಂದೆ ಅಮಾನತು, ವಿಚಾರಣೆ, ಕೋರ್ಟಿನ ಕಟಕಟೆ, ಅಲ್ಲಿ ಕರಿ ಕೋಟು ಹಾಕಿದ ವಿಶ್ವಾಸ ಎದ್ದು ನಿಂತು ಮೆತ್ತಗೆ ಪ್ರಶ್ನೆ ಕೇಳುವುದು, ಎಲ್ಲ ಸಾಲಾಗಿ ಕಂಡವು.

ಹಾಲಸಿದ್ದ ರಾಜಮತಿಯ ಹತ್ತಿರ ಹೋಗಿ ಹೇಗಾಯಿತೆಂದು ಕೇಳಿದ. ಅವಳು ಅದೇ ಮಾತು ಹೇಳಿದಳು, ಒಂದು ಅಕ್ಷರ ಹೆಚ್ಚುಕಡಿಮೆ ಇಲ್ಲದೆ. ಪೊಲೀಸರು ನಿಂತಿದ್ದಾರೆ ಅಂದ, ಗಟ್ಟಿ ಹಿಡಿದುಕೋ ಅಂದ. ಹಾಲಸಿದ್ದನ ಪೆನ್ನು ನಿಂತಿತು. ಅವನು ಬೀರದೇವನ ಕಡೆ ನೋಡಲಿಲ್ಲ. ನಮ್ಮವರು ಯಾರೂ ಈ ಕಡೆ ಡ್ಯೂಟಿಗೆ ಬಂದಿರಲಿಲ್ಲ, ಬಿಸಿಲಿಗೆ ಏನೋ ಕಂಡಿರಬೇಕು, ಯಾವ ಪೊಲೀಸ, ಮುಖ ನೋಡಿದಿರಾ ಎಂದು ಸಮಾಧಾನದಿಂದ ಕೇಳಿದ. ಅವಳು ಯೋಚಿಸಿದಳು. ಮುಖ ಕಾಣಲಿಲ್ಲ, ಖಾಕಿ ಕಂಡಿತು ಅಂದಳು. ಆಂಬುಲೆನ್ಸಿನ ದೀಪ ಸೇತುವೆಯ ಮೇಲೆ ಕಾಣಿಸಿತು. ಹಾಲಸಿದ್ದ ಅದಕ್ಕೆ ದಾರಿ ಮಾಡಿಸಲು ಎದ್ದು ಹೋದ. ಬೀರದೇವ ಅವಳ ಮುಂದೆ ಕೂತ.

"ಅಲ್ಲಿ ನಿಂತಿದ್ದು ನಾನರಿ, ಅವ್ವಾ."

ಅವಳು ಅವನನ್ನು ನೋಡಿದಳು. ಅರ್ಥವಾಗಿ ಹೊಡೆಯುತ್ತಾಳೆ ಎಂದು ಅವನು ಕಾದ. ಹೊಡೆಯಲಿ ಎಂದು ಮುಖ ಮುಂದೆ ಮಾಡಿದ. ಅವಳು ಮಡಿಲಲ್ಲಿದ್ದ ತಂಬಿಗೆಯನ್ನು ಎತ್ತಿ ಅವನ ಕೈಗೆ ಕೊಟ್ಟಳು.

"ಇಲ್ಲಪಾ," ಅಂದಳು. "ನೀ ನೀರ ಕೊಟ್ಟಾಂವ."

ಆಂಬುಲೆನ್ಸಿನವರು ಅವಳನ್ನು ಎಬ್ಬಿಸಿದರು. ಮಗನನ್ನೂ ಅದರಲ್ಲೇ ಹಾಕಿದರು. ಹತ್ತುವಾಗ ಅವಳು ತಿರುಗಿ ಆಕಾಶ ನೋಡಿದಳು. ಅದು ಕಪ್ಪಾಗಿತ್ತು. ಅವಳ ಕೈ ತಾನಾಗಿ ಬಾಯಿಗೆ ಹೋಯಿತು, ತುಟಿ ಮುಟ್ಟಿ ನೋಡಿಕೊಂಡಳು, ಬೀರದೇವನ ಕಡೆ ನೋಡಿದಳು. ಬಾಗಿಲು ಮುಚ್ಚಿತು.

ಹಾಲಸಿದ್ದ ಜೀಪಿನ ಬಾನೆಟ್ಟಿನ ಮೇಲೆ ಕಾಗದ ಹರವಿ, ಪೇದೆ ಹಿಡಿದ ಟಾರ್ಚಿನ ಬೆಳಕಿನಲ್ಲಿ ಬರೆಯುತ್ತಿದ್ದ. ಹತ್ತಿರ ಬಂದ ಬೀರದೇವನನ್ನು ಕಂಡು, ಬೇರೆ ಏನಾದರೂ ಹೇಳುವುದಿದೆಯೇ ಎಂದು ಕೇಳಿದ. ಪೆನ್ನು ಎತ್ತಿ ಹಿಡಿದು, ಇದು ಕೊನೆಯ ಸಲ ಎನ್ನುವ ಹಾಗೆ ಕಾದ. ಬೀರದೇವನ ಕೈಯಲ್ಲಿ ಖಾಲಿ ತಂಬಿಗೆ ಇತ್ತು. ಇಲ್ಲ, ಅಂದ.

ಹಾಲಸಿದ್ದ ಬರೆದು ಮುಗಿಸಿ ಗಟ್ಟಿಯಾಗಿ ಓದಿದ. ಸತ್ತವರು ಒಬ್ಬರು, ಗಂಡಸು, ವಯಸ್ಸು ಇಪ್ಪತ್ತಾರು. ಜಖಂ ಆದದ್ದು ಬೈಕು ಒಂದು. ಹಾಳಾದದ್ದು ಕಬ್ಬು, ಅಂದಾಜು ಎರಡು ಟನ್ನು.